ಕೆಲಸವಿಲ್ಲದ ಅಕ್ಷರ

ಬಾಗೇಪಲ್ಲಿಯ ಗ್ರಂಥಾಲಯಕ್ಕೆ ಹನ್ನೆರಡರ ಮೇಲೆ
ಬರುವವರು ಫ್ಯಾನಿಗೆ ಬರುತ್ತಾರೆ, ಪುಸ್ತಕಕ್ಕಲ್ಲ.
ಹಾಗಾಗಿ ಕುಳ್ಳಾಯಮ್ಮ ಮಗಳ ಕೈ ಹಿಡಿದು
ನೇರ ನನ್ನ ಮೇಜಿನ ಮುಂದೆ ನಿಂತಾಗ
ಕರೆಂಟಿಲ್ಲ ತಾಯಿ, ಅಂದೆ.

ಪುಸ್ತಕ ತಂದಿದ್ದೀನಿ, ಅಂದಳು ತೆಲುಗಿನಲ್ಲಿ.
ತೆಗೆದಳು: ಕಡಲೆಕಾಯಿ ಬೀಜದ ಕಂಪನಿಯ ಚೀಲ,
ಚೀಲದೊಳಗೆ ಹಳೇ ಪಂಚಾಂಗದ ಹಾಳೆ,
ಹಾಳೆಯೊಳಗೆ ಒಂದು ಆಮೆ.
ರಟ್ಟಿನ ಮೇಲೆ ಆಮೆ,
ಎಡಪುಟದಲ್ಲಿ ಸ್ಪ್ಯಾನಿಷ್, ಬಲಪುಟದಲ್ಲಿ ಇಂಗ್ಲಿಷ್,
ನಡುವಿನ ಹೊಲಿಗೆಯಲ್ಲಿ ಒಂದು ಒಣಗಿದ ಇರುವೆ,
ಅದು ಯಾವ ಭಾಷೆಯದೋ.

ಅವಳ ತವರು ಗಡಿಯಾಚೆ, ಅನಂತಪುರದ ಕಡೆ.
ಏಳನೇ ಕ್ಲಾಸಿನವರೆಗೆ ಫೀಜು ಕಟ್ಟಿದ್ದು
ಕಡಲಾಚೆಯ ಮಿಲಾಗ್ರೊಸ್ ಎಂಬಾಕೆ.
ವರ್ಷಕ್ಕೊಂದು ಕಾಗದ, ಒಂದು ಫೋಟೊ,
ಒಂದು ಸಲ ಈ ಆಮೆ.
ಬದಲಿಗೆ ಇವಳು ಎಮ್ಮೆ ಬರೆದು ಕಳಿಸಿದಳಂತೆ.
ಆಕೆ ಹಸು ಅಂದುಕೊಂಡು
ಅದರ ಹಾಲಿನ ಬಗ್ಗೆ ಬಹಳ ಹೊಗಳಿ ಬರೆದಳಂತೆ.

ಇದಿ ಏ ಅರಲೋ ಪೆಡ್ತಾರು ಸಾರ್?
ಅರ ಅಂದರೆ ಅವರಿಗೆ ಗೂಡು. ನಮಗೆ ಅರೆ ಅಂದರೆ ಅರ್ಧ.
ನನ್ನಲ್ಲಿರುವುದು ಮೂರು ಗೂಡು:
ಕನ್ನಡ, ಇಂಗ್ಲಿಷ್, ಇತರೆ.
ಇತರೆಯಲ್ಲಿ ಸದ್ಯ ಫಿನಾಯಿಲ್ ಡಬ್ಬವಿದೆ.

ಯಾರೂ ಓದದ್ದು ಗೆದ್ದಲಿಗೇ ಅಂತಾರೆ ನಮ್ಮತ್ತೆ,
ನೀವಿಟ್ಟುಕೊಳ್ಳಿ. ಬದಲಿಗೆ ಇವಳಿಗೊಂದು ಪುಸ್ತಕ ಹೇಳಿ.
ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ,
ಟ್ಯೂಷನ್ನಲ್ಲಿ ಇಂಗ್ಲಿಷು.
ಮೂರರಲ್ಲೂ ಅರ್ಧರ್ಧ ಬೈತಾಳೆ,
ಪೂರ್ತಿ ಬೈಯೋ ಹಾಗಾದರೂ ಆಗಲಿ.

ಏನು ಹೇಳಲಿ? ಇಲಾಖೆಯ ಪಟ್ಟಿಯಲ್ಲಿ
ಎರಡು ನಾಲಿಗೆಯ ಮನೆಗೆಂದು ಒಂದೂ ಇಲ್ಲ.
ನಾನೇ ಯೋಚಿಸಿದೆ:
ಗಾದೆ ಪುಸ್ತಕ ಕೊಡಬಹುದು, ಅಜ್ಜಿ ಜಗಳಕ್ಕೆ ಬರುತ್ತಾಳೆ,
ನಮ್ಮದರಲ್ಲಿ ಇದು ಹೀಗಲ್ಲ ಅಂತ; ಅದು ಒಳ್ಳೆಯದೇ.
ಅಡುಗೆ ಪುಸ್ತಕ, ಅಳತೆ ಗೊತ್ತಿದ್ದವರಿಗೆ ಭಾಷೆ ತಾನೇ ಬೇಯುತ್ತದೆ.
ಹಕ್ಕಿಗಳ ಚಿತ್ರದ್ದು, ಹೆಸರಿನ ಪುಟ ಹರಿದದ್ದು;
ಹರಿದದ್ದೇ ವಾಸಿ, ಕೂಗಿದವರು ಕೂಗಿದ ಹೆಸರು.

ಅಷ್ಟರಲ್ಲಿ ಮೌನಿಕ, ಹೆಸರು ಮಾತ್ರ ಹಾಗೆ,
ಆಮೆಯ ನಾಲ್ಕನೇ ಪುಟ ನನ್ನ ಮೂಗಿಗೆ ಹಿಡಿದಳು.
ಸಾರ್, ಈ ಪ್ರಶ್ನೆ ಯಾಕೆ ಬಾವಲಿ ಥರ ನೇತಾಡ್ತಿದೆ?
ವಾಕ್ಯದ ಬಾಗಿಲಲ್ಲೇ, ತಲೆಕೆಳಗು.
ನನಗೇನು ಗೊತ್ತು.
ಅಲ್ಲಿಯವರು ಕೇಳುವ ಮೊದಲೇ ಕೇಳ್ತೀನಿ ಅನ್ನುತ್ತಾರೇನೋ.
ನಾವು ಕೊನೆಯವರೆಗೂ ಕಾಯಿಸುತ್ತೇವೆ, ಒಂದು ಆ ಎಳೆಯಲು:
ಬಂದೆಯಾ, ಉಂಡೆಯಾ, ಇನ್ನೂ ಇದ್ದೀಯಾ.

ಇದರ ತಲೆ ಮೇಲೆ ಹುಳ?
ಇಂಗ್ಲಿಷಿನ ಎನ್ ಅಕ್ಷರ, ಮೇಲೊಂದು ಕಂಬಳಿಹುಳ.
ಉತ್ತರ ಕುಳ್ಳಾಯಮ್ಮನಿಂದ ಬಂತು.
ಒಮ್ಮೆ ಜೀಪಿನಲ್ಲಿ ಬಂದವರು ಹೇಳಿಕೊಟ್ಟಿದ್ದಂತೆ,
ಇಪ್ಪತ್ತು ವರ್ಷ ಬಾಯಿಗೆ ತಂದಿರಲಿಲ್ಲ:
ನಿಞ. ನಿಞ ಅಂದರೆ ಹುಡುಗಿ ಸಾರ್.

ಗೋಡೆಯ ವರ್ಣಮಾಲೆ ನೋಡಿದೆ.
ಕ ಮನೆಯಲ್ಲಿ ಕಮಲ, ಚ ಮನೆಯಲ್ಲಿ ಚಮಚ,
ಙ ಖಾಲಿ. ಞ ಖಾಲಿ.
ಮೂವತ್ತೊಂದು ವರ್ಷದ ನನ್ನ ಸರ್ವೀಸಿನಲ್ಲಿ
ಆ ಅಕ್ಷರಕ್ಕೆ ಒಂದು ದಿನದ ಕೂಲಿ ಸಿಕ್ಕಿದ್ದು ಕಾಣೆ.
ತೆಲುಗಿನ ಮನೆಯಲ್ಲೂ ಅದರ ಪಾಡು ಅದೇ,
ತಲೆಕಟ್ಟು ಬೇರೆ, ಹಸಿವು ಒಂದೇ.

ಸ್ಟೂಲು ಹತ್ತಿದಳು ಮೌನಿಕ. ನಾನು ತಡೆಯಲಿಲ್ಲ,
ಸರ್ಕಾರಿ ಆಸ್ತಿ ಅಂತ ಗೊತ್ತಿದ್ದೂ.
ಞ ಮನೆಯಲ್ಲಿ ಪೆನ್ಸಿಲಿನಿಂದ ಎರಡು ಜಡೆ,
ಒಂದು ಲಂಗ, ಕಾಲಿಗೆ ಜಾಗ ಸಾಲಲಿಲ್ಲ.

ಕುಳ್ಳಾಯಮ್ಮ ನೋಡಿದಳು, ಆಮೆಯನ್ನು
ನನ್ನ ಮೇಜಿನಿಂದ ಒಂದು ಗೇಣು ತನ್ನ ಕಡೆ ಎಳೆದುಕೊಂಡಳು.

ರಿಜಿಸ್ಟರಿನಲ್ಲಿ ಬರೆದೆ: ಸಂಖ್ಯೆ ನಾಲ್ಕು ಸಾವಿರದ ಹನ್ನೊಂದು,
ದಾನ. ಸ್ಥಿತಿ, ಉತ್ತಮ, ಇರುವೆ ಸಹಿತ.
ಅದೇ ದಿನ, ಅದೇ ಶಾಯಿಯಲ್ಲಿ ಎರವಲು:
ಮೌನಿಕ, ಎರಡನೇ ತರಗತಿ, ಹದಿನೈದು ದಿನ.
ಹದಿನೈದು ದಿನಕ್ಕೊಮ್ಮೆ ಬಂದು ಮೊಹರು ಹಾಕಿಸಿಕೊಂಡು
ಅದನ್ನೇ ಒಯ್ಯುತ್ತಾಳೆ, ಜೊತೆಗೆ ಹರಿದ ಹಕ್ಕಿಗಳನ್ನು.

ಭಾಷೆ ಎಂಬ ಕಾಲಂ ಇನ್ನೂ ಖಾಲಿ ಇದೆ.
ಆಡಿಟ್ಟು ಮಾರ್ಚಿಗೆ.